ರೈಲಿಗೆಂದು ರಸ್ತೆ ಮುಚ್ಚಿದ ಹಂಗಾಮು

ನಿಮಗೂ ಹೀಗಾಗಿದೆಯಾ, ಹೇಳಿ. ಆಸ್ಪತ್ರೆಗೆ ಹೊತ್ತಾಗಿದೆ. ಪಕ್ಕದ ಸೀಟಿನಲ್ಲಿ ಮನೆಯ ರೋಗಿ ಕೂತಿದ್ದಾರೆ. ಎದುರಿಗೆ ಕಬ್ಬು ಹೇರಿದ ಜೋಡಿ ಟ್ರಾಲಿಯ ಟ್ರ್ಯಾಕ್ಟರು ತುಂಬು ಗಬ್ಬದ ಎಮ್ಮೆಯ ಹಾಗೆ ರಸ್ತೆಯ ನಟ್ಟನಡುವೆ ಹೊರಟಿದೆ. ನೀವು ಹಾರ್ನ್ ಹೊಡೆಯುತ್ತೀರಿ. ಡ್ರೈವರ್‌ಗೆ ಕೇಳುವುದಿಲ್ಲ, ಅವನ ತಲೆಯ ಮೇಲೆ ಅವನದೇ ಸ್ಪೀಕರು ಕುಣಿಯುತ್ತಿದೆ. ಬಲಕ್ಕೆ ಎಳೆದುಕೊಂಡು ಮುಂದೆ ಹೋಗೋಣವೆಂದರೆ ಎದುರಿನಿಂದ ಇನ್ನೊಂದು ಖಾಲಿ ಟ್ರಾಲಿ ಜಿಗಿಯುತ್ತ ಬರುತ್ತದೆ.

ಮೊನ್ನೆ ಮಿರಜ್ ರಸ್ತೆಯಲ್ಲಿ ಮತ್ತೆ ಹಾಗೇ ಸಿಕ್ಕಿಬಿದ್ದೆ. ಈ ಸಲ ಪಕ್ಕದ ಸೀಟು ಖಾಲಿ ಇತ್ತು. ಕಿಟಕಿ ಇಳಿಸಿದೆ, ಸಕ್ಕರೆ ಕಾರ್ಖಾನೆಯ ಕಡೆಯಿಂದ ಕಾಕಂಬಿಯ ವಾಸನೆ ಬಂತು. ಸಿಹಿಯೂ ಅಲ್ಲದ ಹುಳಿಯೂ ಅಲ್ಲದ, ಗಂಟಲಿಗೆ ಬಂದು ಅಂಟಿಕೊಳ್ಳುವ ವಾಸನೆ. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ, ನಮಗೆ ಅದು ಚಳಿಗಾಲದ ವಾಸನೆ. ಆದರೆ ಈಗೀಗ ಅದು ಮೂಗಿಗೆ ಬಡಿದರೆ ನನಗೆ ನೆನಪಾಗುವುದು ಒಂದೇ, ನಮ್ಮ ಅಥಣಿಗೆ ರೈಲು ತರಿಸುತ್ತೇವೆಂದು ನಾವೆಲ್ಲ ಟೊಂಕ ಕಟ್ಟಿ ನಿಂತ ಆ ಹಂಗಾಮು. ನೆನಪಿನ ಹಿಂದೆಯೇ ಸಿಟ್ಟೂ ಬರುತ್ತದೆ. ಇವತ್ತು ಅದನ್ನು ಬರೆದುಬಿಡುತ್ತೇನೆ. ಬೈಯುವವರು ಪೂರ್ತಿ ಓದಿ ಬೈಯಿರಿ.

ಹಂಗಾಮು ಎಂದರೆ ನಮ್ಮಲ್ಲಿ ಕಬ್ಬು ನುರಿಸುವ ಕಾಲ. ದೀಪಾವಳಿಯ ಆಚೀಚೆ ಕಾರ್ಖಾನೆಯ ಚಿಮಣಿ ಹೊಗೆ ಬಿಡಲು ಶುರು ಮಾಡಿದರೆ ಬೇಸಿಗೆ ಕಣ್ಣು ಬಿಡುವವರೆಗೆ ನಮ್ಮ ರಸ್ತೆಗಳು ನಮ್ಮವಲ್ಲ, ಕಬ್ಬಿನವು. ನಮ್ಮ ಮನೆಯಲ್ಲೇ ನೋಡಿ. ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ, ಕಾರ್ಖಾನೆಯಲ್ಲಿ ಪಾಳಿಯ ಕೆಲಸಗಾರ. ಹಂಗಾಮಿನಲ್ಲಿ ರಜೆ ಕೇಳಿದರೆ ಮೇಲಿನವರು ಹುಬ್ಬು ಗಂಟು ಹಾಕುತ್ತಾರೆ. ನನ್ನ ಗಂಡನದು ಹನಿ ನೀರಾವರಿ ಪೈಪಿನ ಅಂಗಡಿ. ದ್ರಾಕ್ಷಿಯವರು ಹೊತ್ತುಗೊತ್ತಿಲ್ಲದೆ ಬಂದು ಬಾಗಿಲು ಬಡಿಯುತ್ತಾರೆ. ಹಾಗಾಗಿ ಕಾರು ನಡೆಸುವ ಕೆಲಸ ನನ್ನ ಪಾಲಿಗೆ ಬಂತು. ಭಾವನ ಹೆಂಡತಿ ಸುಮನಕ್ಕನಿಗೆ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ಮಿರಜ್‌ಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವವಳು ನಾನೇ. ನಮ್ಮ ಕಡೆ ಯಾರಿಗೆ ಏನಾದರೂ ಗಡಿಯಾಚೆ ಮಹಾರಾಷ್ಟ್ರದ ಮಿರಜೇ ಗತಿ. ಹೆರಿಗೆಗೂ ಮಿರಜ್, ಹೃದಯಕ್ಕೂ ಮಿರಜ್. ದವಾಖಾನೆಯವರು ಕೊಟ್ಟ ಹೊತ್ತಿಗೆ ಮಷಿನ್ ಹತ್ತಿರ ಇರಬೇಕು. ತಪ್ಪಿದರೆ ಆ ಮಷಿನ್ನು ಇನ್ನೊಬ್ಬರಿಗೆ ಹೋಗುತ್ತದೆ. ನಮ್ಮದು ಸಂಜೆಗೋ ಮರುದಿನಕ್ಕೋ. ಅಷ್ಟರಲ್ಲಿ ಅಕ್ಕನ ಕಾಲು ಊದಿಕೊಂಡು, ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕೂರಬೇಕಾಗುತ್ತದೆ.

ಸುಮನಕ್ಕ ಅಂಥ ಸಾಧು ರೋಗಿಯಲ್ಲ, ಮತ್ತೆ. ನೀರು ಅಳೆದು ಕುಡಿಯಬೇಕೆಂದು ಡಾಕ್ಟರು ಹೇಳಿದಾಗ, "ಅಳತಿ ಮಾಡಿ ಕುಡ್ಯಾಕ ನಾ ಏನ್ ದ್ರಾಕ್ಷಿ ಬಳ್ಳೀನ್ರಿ, ಹನಿ ಹನಿ ಬಿಡಾಕ?" ಎಂದು ಕೇಳಿದವಳು. ಕಾರಿನಲ್ಲಿ ಕೂತರೆ ನನ್ನ ಗೇರು ಬದಲಿಸುವುದರಿಂದ ಹಿಡಿದು ಎದುರಿನ ಟ್ರಾಲಿಯಲ್ಲಿ ಕಬ್ಬು ಕಟ್ಟಿದವನ ಗಂಟಿನವರೆಗೂ ತಪ್ಪು ಹುಡುಕುತ್ತಾಳೆ.

ಅಥಣಿಗೆ ರೈಲಿಲ್ಲ ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ರೈಲು ಬೇಕೆಂದರೆ ಕುಡಚಿಗೆ ಹೋಗಬೇಕು. ಆ ಲೈನಿನಿಂದ ಒಂದು ಕವಲು ನಮ್ಮೂರಿನವರೆಗೆ ಎಳೆಯಿರಿ, ಊರಿನ ಜನ ಇಲ್ಲೇ ಹತ್ತಿ ಮಿರಜಿಗೋ ಬೆಳಗಾವಿಗೋ ಹೋಗಲಿ ಎಂಬುದು ಬಹಳ ದಿನದ ಬೇಡಿಕೆ. ಪ್ರತಿ ಚುನಾವಣೆಗೂ ಅದು ಭಾಷಣದಲ್ಲಿ ಬರುತ್ತದೆ, ಮತ ಎಣಿಸಿದ ಮೇಲೆ ಹೋಗುತ್ತದೆ. ಮೇಲಿನ ಕಚೇರಿಗಳವರು ಹೇಳುವುದು ಒಂದೇ ಮಾತು, ಖರ್ಚು ಬಹಳ, ಹತ್ತುವವರು ಕಡಿಮೆ.

ಆ ವರ್ಷ ನಾವು ಇದನ್ನು ಬಿಡುವುದಿಲ್ಲ ಎಂದು ಹೋರಾಟ ಸಮಿತಿ ಮಾಡಿದೆವು. ಅಧ್ಯಕ್ಷರು ರಾವಸಾಬ ಕಾಕಾ. ದ್ರಾಕ್ಷಿ ತೋಟದವರು, ಬಿಳಿ ಟೊಪ್ಪಿಗೆ, ದೊಡ್ಡ ದನಿ, ಅದಕ್ಕಿಂತ ದೊಡ್ಡ ಮನಸ್ಸು. ಯಾರ ಮನೆಯಲ್ಲಿ ಏನಾದರೂ ಮೊದಲು ಬಂದು ನಿಲ್ಲುವ ಮನುಷ್ಯ. ಅದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಮುಂದೆ ಅವರ ಬಗ್ಗೆ ಒರಟಾಗಿ ಬರೆಯುತ್ತೇನೆ. ನನ್ನನ್ನು ಸಮಿತಿಗೆ ತೆಗೆದುಕೊಂಡದ್ದು ನಾನು ಫೇಸ್‌ಬುಕ್ಕಿನಲ್ಲಿ ಬರೆಯುತ್ತೇನೆಂದು, ಜೊತೆಗೆ ಫೋಟೋದಲ್ಲಿ ಒಬ್ಬ ಹೆಂಗಸು ಇರಲಿ ಎಂದು.

ಸಭೆ ನಡೆಯುತ್ತಿದ್ದುದು ಕಾಕಾನ ಒಣದ್ರಾಕ್ಷಿ ಶೆಡ್ಡಿನಲ್ಲಿ. ದ್ರಾಕ್ಷಿ ಒಣಗಿಸುವ ಕಾಲ ಇನ್ನೂ ಬಂದಿರಲಿಲ್ಲ. ಖಾಲಿ ಬಲೆಗಳು ಸಾಲಾಗಿ ತೂಗುತ್ತಿದ್ದವು. ನಾವು ಕೆಳಗೆ ಜಮಖಾನೆ ಹಾಸಿ ಕೂತು ರೈಲು ಬಿಡುತ್ತಿದ್ದೆವು. ಮೊದಲ ಸಭೆಯಲ್ಲೇ ಜಗಳ. ಯಾತರ ಮೇಲೆ? ಇನ್ನೂ ಹುಟ್ಟದ ರೈಲಿನ ಸ್ಟೇಶನ್ ಎಲ್ಲಿರಬೇಕು ಎಂಬುದರ ಮೇಲೆ.

"ಸ್ಟೇಶನ್ ನಮ್ಮ ಹೊಲದ ಬಾಜೂಕ ಬರ್ಲಿ" ಎಂದರು ಕಬ್ಬಿನ ಬಸಗೌಡರು.

"ಹಂಗಾದ್ರ ಹಳಿ ಎಲ್ಲಿಂದ ಬರಬೇಕ್ರಿ ಗೌಡ್ರ? ಆಕಾಶದಿಂದ?" ಎಂದರು ಪಕ್ಕದವರು.

"ನಮ್ಮ ಬೀಗರ ಹೊಲದಾಗಿಂದ ಬರ್ಲಿ. ಅವ್ರದು ಹೆಂಗೂ ಸವಳು ನೆಲ."

ಬೀಗರು ಅಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದರು. ಆಮೇಲಿನ ಮಾತುಗಳನ್ನು ಇಲ್ಲಿ ಬರೆಯಲಾರೆ. ಚಹಾ ಬಂದ ಮೇಲೆ ಎಲ್ಲರೂ ತಣ್ಣಗಾದರು. ಅಷ್ಟರಲ್ಲಿ ಇನ್ನೊಬ್ಬರು, ನಿಪ್ಪಾಣಿಯವರೂ ತಮ್ಮ ಕಡೆಗೆ ಲೈನ್ ಕೇಳುತ್ತಿದ್ದಾರಂತೆ, ಅವರಿಗೆ ಮೊದಲು ಸಿಕ್ಕರೆ ನಮಗೆ ಸಿಗುವುದಿಲ್ಲ ಎಂದು ಬೆಂಕಿ ಹಚ್ಚಿದರು. ಆ ರಾತ್ರಿ ನಮ್ಮ ಹೋರಾಟ ನಿಪ್ಪಾಣಿಯ ವಿರುದ್ಧವೋ ದಿಲ್ಲಿಯ ವಿರುದ್ಧವೋ ಎಂದು ನನಗೇ ತಿಳಿಯದೆ ಮನೆಗೆ ಬಂದೆ.

ಅಡಿಗೆಮನೆಯಲ್ಲಿ ಸುಮನಕ್ಕ ರೊಟ್ಟಿ ತಟ್ಟುತ್ತಿದ್ದಳು. ಮಾಡಬೇಡವೆಂದರೂ ಕೇಳುವವಳಲ್ಲ.

"ಬಂತೇನವಾ ರೈಲು?" ಎಂದಳು.

"ಬೀಗರ ಹೊಲಾ ದಾಟಾಕ ಆಗ್ಲಿಲ್ಲಕ್ಕಾ."

"ದಾಟೂದ್ರಾಗ ನಾ ಇರ್ತೀನೋ ಇಲ್ಲೋ" ಎಂದು ನಕ್ಕಳು. ನಕ್ಕವಳು ಹಿಟ್ಟು ಮೆತ್ತಿದ ಕೈಯನ್ನು ಕೊಡವಿಕೊಂಡು, "ಆದ್ರ ಬಂದ್ರ ಭಾಳ ಚೊಲೋ ಆಗ್ತೈತಿ ಸವಿತಾ. ನಾ ಒಬ್ಬಾಕಿನ ಹೋಗಿ ಬರ್ತೀನಿ. ನಿನಗ ವಾರಕ್ಕೆರಡ ದಿನ ನನ್ನ ಹಿಂದ ತಿರಗೂದು ತಪ್ಪತೈತಿ" ಎಂದಳು.

ಅವಳಿಗೆ ಬೇಕಾದದ್ದು ಅಷ್ಟೇ ಇತ್ತು. ಯಾರ ಮೇಲೂ ಭಾರವಾಗದೆ, ತನ್ನ ಚೀಲ ತಾನೇ ಹಿಡಿದು ಹೋಗಿ, ಸಂಜೆ ತನ್ನ ಮನೆಗೆ ತಾನೇ ಬರುವುದು. ಅದಾಗದಿದ್ದರೆ ಏನೆಂಬುದನ್ನೂ ಡಾಕ್ಟರು ಆಗಲೇ ಹೇಳಿದ್ದರು. ವಾರಕ್ಕೆ ಎರಡರ ಬದಲು ಮೂರು ಸಲ ಆಗುವ ದಿನ ದೂರವಿಲ್ಲ, ಅಷ್ಟು ಓಡಾಟ ಈ ರಸ್ತೆಯಲ್ಲಿ ತಡೆಯುವುದಿಲ್ಲ, ಮಿರಜಿನಲ್ಲೇ ಬಾಡಿಗೆಗೆ ಒಂದು ಖೋಲಿ ನೋಡಿಕೊಳ್ಳಿ ಎಂದು. ಖೋಲಿಯ ಮಾತು ಬಂದರೆ ಸುಮನಕ್ಕ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಮನೆ, ಗಂಡ, ಎರಡು ಎಮ್ಮೆ, ಓಣಿಯ ಹೆಂಗಸರ ಜೊತೆ ಸಂಜೆಯ ಹರಟೆ, ಇದಿಷ್ಟನ್ನು ಬಿಟ್ಟು ಮಷಿನ್ನಿನ ಪಕ್ಕ ಹೋಗಿ ಬದುಕುವುದು ಅವಳಿಗೆ ಬೇಡವಾಗಿತ್ತು.

ಹಾಗಾಗಿ ನಾನು ಸಮಿತಿ ಬಿಡಲಿಲ್ಲ. ಕಾಕಾನ ಜೀಪಿನಲ್ಲಿ ಬೆಳಗಾವಿಗೆ ಹೋದೆವು. ಅಲ್ಲಿಯವರು ಹುಬ್ಬಳ್ಳಿಯ ರೈಲ್ವೆ ಕಚೇರಿಗೆ ಹೋಗಿ ಅಂದರು. ಹುಬ್ಬಳ್ಳಿಯವರು ಕೂರಿಸಿ, ಚಹಾ ಕೊಟ್ಟು, ನಮ್ಮ ಮನವಿಯನ್ನು ಮೇಜಿನ ಮೇಲಿಟ್ಟುಕೊಂಡು, ನಿಮ್ಮ ಜನಪ್ರತಿನಿಧಿಗಳು ಜೋರು ಮಾಡಬೇಕು ಅಂದರು. ಜನಪ್ರತಿನಿಧಿಗಳು, ಜನ ಜೋರು ಮಾಡಬೇಕು ಅಂದರು. ಜನ ಆಗ ಕಬ್ಬು ಕಡಿಸುವುದರಲ್ಲಿದ್ದರು. ನಾನು ಬರೆದ ಪೋಸ್ಟಿಗೆ ಲೈಕು ಬೀಳುತ್ತಿದ್ದವು, ಹೃದಯ ಬೀಳುತ್ತಿದ್ದವು, ಸಭೆಗೆ ಕರೆದರೆ ಅದೇ ಹಳೆಯ ಮುಖಗಳು. ಮಿರಜ್ ದಾರಿಯಲ್ಲಿರುವ ಕಾಗವಾಡದಿಂದ ಒಬ್ಬರು, ಅಣ್ಣಾಜಿ ಎಂಬ ಔಷಧಿ ಅಂಗಡಿಯವರು, ಅವರೊಬ್ಬರೇ ತಪ್ಪದೆ ಬರುತ್ತಿದ್ದರು. ಅವರ ತಾಯಿಯೂ ನಮ್ಮ ಸುಮನಕ್ಕ ಹೋಗುವ ದವಾಖಾನೆಗೇ ಡಯಾಲಿಸಿಸ್‌ಗೆ ಹೋಗುತ್ತಿದ್ದರು.

ಸಂಕ್ರಾಂತಿಯ ಮುಂಚೆ, ಚಳಿ ಹಲ್ಲು ಕಡಿಸುತ್ತಿದ್ದಾಗ, ಕಾಕಾನಿಗೆ ಹುಬ್ಬಳ್ಳಿಯಿಂದ ಒಂದು ಫೋನು ಬಂತು. ಮುಂದಿನ ವಾರ ಗುರುವಾರ ನಮ್ಮ ಕಡೆ ತಂಡ ಬರುತ್ತದೆ, ಈ ದಾರಿಯಲ್ಲಿ ಎಷ್ಟು ಜನ ಓಡಾಡುತ್ತಾರೆ, ಇಷ್ಟು ಖರ್ಚು ಮಾಡಿ ಲೈನ್ ಹಾಕಿದರೆ ಹತ್ತುವವರು ಇದ್ದಾರೋ ಇಲ್ಲವೋ ನೋಡಿ ವರದಿ ಕೊಡುತ್ತಾರೆ ಎಂದು. ಶೆಡ್ಡಿನಲ್ಲಿ ಅವತ್ತು ಹಬ್ಬ. ಎಷ್ಟೋ ವರ್ಷಕ್ಕೆ ಒಬ್ಬರು ನೋಡಲಾದರೂ ಬರುತ್ತಿದ್ದಾರಲ್ಲ!

ಕಾಕಾ ತೊಡೆ ತಟ್ಟಿ ಎದ್ದು ನಿಂತರು. "ಮಂದಿ ನೋಡಾಕ ಬರ್ತಾರಂದ್ರ ಮಂದೀನ ತೋರ್ಸೂಣು. ಗುರುವಾರ ಬಂದ್! ಅಂಗಡಿ ಬಂದ್, ಬಸ್ ಬಂದ್, ಮಿರಜ್ ರಸ್ತಾ ಬಂದ್. ಇಡೀ ತಾಲೂಕ ಕ್ರಾಸಿನ್ಯಾಗ ಬಂದು ನಿಂದರಬೇಕು. ಸಾಹೇಬ್ರು ಗಾಡಿಂದ ಇಳದ್ರ ಮಂದಿ ನೋಡಿ ಎದಿ ಝಲ್ ಅನ್ನಬೇಕು!"

ಚಪ್ಪಾಳೆ. ಶಿಳ್ಳೆ. ನಮ್ಮ ಕಡೆಯ ಪದ್ಧತಿ ಇದು, ಹೊರಗಿನವರಿಗೆ ಅರ್ಥವಾಗಲಿ. ಕಬ್ಬಿನ ದರಕ್ಕೆ ಬಂದ್. ನೀರಿಗೆ ಬಂದ್. ಗಡಿಯ ಗಲಾಟೆಯಾದರೆ ಈ ಕಡೆಯವರದೊಂದು ಬಂದ್, ಆ ಕಡೆಯವರದೊಂದು ಬಂದ್. ಕ್ರಾಸಿನಲ್ಲಿ ಟೈರು ಸುಡದೆ ಕೇಳಿದ್ದು ನಮ್ಮಲ್ಲಿ ಬೇಡಿಕೆ ಎಂದೇ ಲೆಕ್ಕವಿಲ್ಲ. ಸಾಹೇಬರು ಎಂದರೆ ಬಿಳಿ ಗಾಡಿಯಲ್ಲಿ ಬರುತ್ತಾರೆ, ಗುಂಪಿನ ಎದುರು ಇಳಿಯುತ್ತಾರೆ, ಹಾರ ಹಾಕಿಸಿಕೊಳ್ಳುತ್ತಾರೆ, ಮನವಿ ತೆಗೆದುಕೊಂಡು ಕೈಮುಗಿಯುತ್ತಾರೆ. ಇದು ನಮಗೆ ಗೊತ್ತಿದ್ದ ರೀತಿ. ಬೇರೆ ಥರ ಯಾರಾದರೂ ಬರಬಹುದೆಂದು ಆ ಶೆಡ್ಡಿನಲ್ಲಿ ಒಂದು ತಲೆಗೂ ಹೊಳೆಯಲಿಲ್ಲ, ನನ್ನದೂ ಸೇರಿ.

ನಾನು ಎದ್ದು ನಿಂತದ್ದು ಬೇರೆ ಕಾರಣಕ್ಕೆ. "ಕಾಕಾ, ಗುರುವಾರ ನಮ್ಮಕ್ಕನ ಡಯಾಲಿಸಿಸ್ ಐತ್ರಿ. ಅಣ್ಣಾಜಿಯವರ ತಾಯೀದೂ ಅವತ್ತ ಐತಿ. ರಸ್ತಾ ಮುಚ್ಚಬ್ಯಾಡ್ರಿ. ಬರೇ ಸಭಾ ಮಾಡೂಣು."

"ಏ ತಂಗೀ, ಆಂಬುಲೆನ್ಸ್ ಬಿಡ್ತೀವಲ್ಲ!"

"ನಾವು ಕಾರಿನ್ಯಾಗ ಹೋಗ್ತೀವ್ರಿ. ವಾರಕ್ಕೆರಡ ಸಲ ಆಂಬುಲೆನ್ಸ್ ಯಾರ್ ತರ್ತಾರು?"

"ನಿನ್ನ ಗಾಡಿ ನಂಗ ಗೊತ್ತಿಲ್ಲೇನು? ನಾನ ಅಲ್ಲಿ ನಿಂತಿರ್ತೀನಿ. ನಾ ಬಿಡಸ್ತೀನಿ, ತೊಗೋ."

ಅಣ್ಣಾಜಿಯವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬ್ಯಾನರಿನಲ್ಲಿ ಯಾರ ಫೋಟೋ ದೊಡ್ಡದಿರಬೇಕೆಂದು ಗಲಾಟೆ ಎದ್ದಿತು.

ಗುರುವಾರ ಬೆಳಗ್ಗೆ ಸುಮನಕ್ಕನ ಪಾದಕ್ಕೆ ಚಪ್ಪಲಿ ಸೇರಲಿಲ್ಲ. ಭಾವನ ದೊಡ್ಡ ಚಪ್ಪಲಿ ಹಾಕಿಕೊಂಡು, ಶಾಲು ಹೊದ್ದು ಕಾರಿನಲ್ಲಿ ಕೂತಳು. ಊರು ಸತ್ತ ಹಾಗೆ ಇತ್ತು. ಅಂಗಡಿಗಳ ಶಟರ್ ಇಳಿದಿದ್ದವು. ಕ್ರಾಸಿಗೆ ಬಂದರೆ ಕಪ್ಪು ಹೊಗೆ, ಡೊಳ್ಳು, ಮೈಕು. ಅಡ್ಡಕ್ಕೆ ಎರಡು ಟ್ರ್ಯಾಕ್ಟರು ನಿಲ್ಲಿಸಿದ್ದರು. ಶಲ್ಯ ಹಾಕಿದ ಒಬ್ಬ ಬಾನೆಟ್ಟಿಗೆ ಕೈ ಬಡಿದ.

"ಗಾಡಿ ಹಿಂದಕ್ ತಗೀರಿ ಅಕ್ಕಾರ. ಇವತ್ತ ಬಂದ್ ಐತಿ."

"ನಾ ಸಮಿತಿಯಾಕಿ ಅದೀನಿ. ದವಾಖಾನಿಗಿ ಹೊಂಟೀವಿ."

"ಎಲ್ಲಾರೂ ಹಂಗ ಅಂತಾರ್ರಿ. ಬೆಳಗಿನಿಂದ ಹನ್ನೆರಡ ಮಂದಿ ಬಾಣಂತ್ಯಾರ್ ಬಂದ್ರು, ತಿರಗಿ ಕಳ್ಸಿದ್ವಿ. ಒಬ್ಬಾವಗ ಮೀಸಿ ಇತ್ತು."

ಸುಮನಕ್ಕ ಕಿಟಕಿ ಇಳಿಸಿದಳು. "ತಮ್ಮಾ, ರೈಲು ಯಾರಿಗಿ ಬೇಕಾಗೇತೋ?"

"ನಮ್ಮೂರ ಮಂದಿಗ್ರಿ."

"ನಾ ಊರ ಮಂದ್ಯಾಗ ಬರ್ತೀನೋ ಇಲ್ಲೋ?"

ಅವನು ತಲೆ ಕೆರೆದುಕೊಂಡ. "ಬರ್ತೀರ್ರಿ."

"ಮತ್ತ ನಾ ಉಳೀಬೇಕಲ್ಲೋ, ರೈಲ್ ಹತ್ತಾಕ?"

ಅಷ್ಟರಲ್ಲಿ ಕಾಕಾ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ಓಡಿ ಬಂದರು. ಕೊಟ್ಟ ಮಾತು ಮರೆತಿರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. "ಬಿಡ್ರ್ಯೋ, ಬಿಡ್ರಿ! ನಮ್ಮ ಸುಮನವ್ವ ಅದಾಳ!" ಎಂದು ಕೂಗಿದರು. ಟ್ರ್ಯಾಕ್ಟರು ಸರಿಸಲು ಹೊರಟರೆ ಡ್ರೈವರ್ ಚಹಾಕ್ಕೆ ಹೋಗಿದ್ದ, ಚಹಾದಂಗಡಿ ಬಂದ್ ಇದ್ದುದರಿಂದ ಚಹಾ ಕುಡಿಯಲು ಮನೆಗೇ ಹೋಗಿದ್ದ. ಅವನು ಬರುವವರೆಗೆ ಕಾದೆವು. ಬಂದ ಮೇಲೆ ಪತ್ರಿಕೆಯವರೊಬ್ಬರು, ರೋಗಿಗೆ ದಾರಿ ಬಿಟ್ಟ ಹೋರಾಟಗಾರರು ಎಂದು ಫೋಟೋ ಬೇಕು, ಒಂದು ನಿಮಿಷ ಅಂದರು. ಕಾಕಾ ಕಾರಿನ ಪಕ್ಕ ಕೈಮುಗಿದು ನಿಂತರು.

"ತಗೋರಿ, ಆದ್ರ ಲಗೂ ತಗೋರಿ" ಎಂದಳು ಸುಮನಕ್ಕ. "ಇಲ್ಲಾಂದ್ರ ಇದ ಫೋಟೋಕ್ಕ ಹಾರ ಹಾಕಬೇಕಾದೀತು."

ಫೋಟೋದವನು ಒಂದೇ ಸಲ ಕ್ಲಿಕ್ ಮಾಡಿ ಪಕ್ಕಕ್ಕೆ ಸರಿದ. ಕಾಕಾ ಮುಗಿದ ಕೈ ಬಿಡಿಸಿ, ಹೋಗಿ ಎಂದು ಸನ್ನೆ ಮಾಡಿದರು.

ಕ್ರಾಸ್ ದಾಟಿದ ಮೇಲೆ ರಸ್ತೆ ನೋಡಬೇಕಿತ್ತು ನೀವು. ಒಂದು ಟ್ರಾಲಿ ಇಲ್ಲ, ಒಂದು ಬಸ್ಸಿಲ್ಲ. ಎರಡೂ ಕಡೆ ಕಬ್ಬು ಮಂಜು ಹೊದ್ದು ನಿಂತಿತ್ತು. "ಎಷ್ಟ ಚಂದ ಐತಿ ನಮ್ಮ ರಸ್ತಾ! ಇಷ್ಟ ದಿನ ಕಂಡ ಇರ್ಲಿಲ್ಲ ನೋಡ. ದಿನಾ ಬಂದ್ ಮಾಡಾಕ ಹೇಳ ನಿನ್ನ ಕಾಕಾಗ" ಎಂದಳು ಅಕ್ಕ. ಹಾಗೆಂದವಳು ಸ್ವಲ್ಪ ದೂರದಲ್ಲೇ ಸೆರಗು ಬಾಯಿಗೆ ಒತ್ತಿಕೊಂಡು, "ನಿಲ್ಲಸ, ನಿಲ್ಲಸ" ಅಂದಳು. ವಾಕರಿಕೆ. ಬೇವಿನ ಮರದ ಕೆಳಗೆ ನಿಲ್ಲಿಸಿದೆ.

ಆ ಮರದ ಕೆಳಗೆ ಒಬ್ಬ ಮನುಷ್ಯ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ. ಮಫ್ಲರ್, ತೊಡೆಯ ಮೇಲೆ ಒಂದು ರಟ್ಟು, ಕಿವಿಯಲ್ಲಿ ಪೆನ್ನು. ಅಕ್ಕ ಕಾರಿನಿಂದ ಇಳಿದು ಬಗ್ಗಿದ್ದು ನೋಡಿ ಓಡಿ ಬಂದು ಕುರ್ಚಿ ತಂದು ಕೊಟ್ಟ. ಅಕ್ಕ ಕೂತು, ಉಸಿರೆಳೆದುಕೊಂಡು, ಸುಧಾರಿಸಿಕೊಂಡ ಮೇಲೆ ಸುಮ್ಮನಿರಲಾರದೆ ಕೇಳಿದಳು.

"ಏನ್ ಮಾಡಾಕತ್ತೀರಿ ಯಪ್ಪಾ, ಈ ಥಂಡ್ಯಾಗ?"

"ಗಾಡಿ ಎಣಸಾಕತ್ತೀನ್ರಿ ಯಕ್ಕಾ. ರೈಲಿನ ಸಲುವಾಗಿ. ಈ ದಾರೀಲೆ ಎಷ್ಟ ಮಂದಿ ಮಿರಜ್‌ಗೆ ಹೋಗ್ತಾರ, ಬರ್ತಾರ, ಬರ್ಕೋಬೇಕ್ರಿ."

ನಾನು ರಸ್ತೆಯ ಆಚೀಚೆ ನೋಡಿದೆ. ಬಿಳಿ ಗಾಡಿ ಇಲ್ಲ, ಸಾಹೇಬರಿಲ್ಲ. ಹುಬ್ಬಳ್ಳಿಯವರು ಹೇಳಿದ್ದ ತಂಡ ಇದೇ. ಈ ಮನುಷ್ಯ ಇಲ್ಲಿ, ಇನ್ನೊಬ್ಬ ಕುಡಚಿಯ ದಾರಿಯಲ್ಲಂತೆ, ತಲಾ ಒಂದು ಕುರ್ಚಿ.

"ಎಷ್ಟ ಗಾಡಿ ಆದುವ್ರಿ?" ಎಂದು ಕೇಳಿದಳು ಅಕ್ಕ.

ಆತ ನಾಚಿಕೊಂಡ, ತಪ್ಪು ತನ್ನದೇ ಎಂಬ ಹಾಗೆ. "ಈ ಕಡಿಂದ ನಿಮ್ದ ಮೊದಲ್ನೇದ್ರಿ."

ನಾನು ಕೈಮುಗಿದೆ. "ಸರ, ಇವತ್ತಿಂದು ಬರ್ಕೋಬ್ಯಾಡ್ರಿ. ಇವತ್ತ ಬಂದ್ ಐತಿ. ನಾಳೆ ಎಣಸ್ರಿ. ನಾಳೆ ನಿಮಗ ಬೆರಳ ಸಾಲೂದಿಲ್ಲ!"

"ನಾಳೆ ನಮ್ಮನ್ನ ಬ್ಯಾರೆ ಕಡೆ ಹಾಕ್ಯಾರ್ರಿ ಬಾಯಾರ. ಇಲ್ಲಿಗಿ ಇದೊಂದ ದಿನಾ. ನಾ ಕಂಡದ್ದನ್ನ ಬರೀಬೇಕು. ಬಂದ್ ಇತ್ತು ಅಂತ ಕೆಳಗ ಒಂದ್ ಸಾಲ ಬರೀತೀನ್ರಿ, ಮ್ಯಾಲಿನವ್ರು ಅದನ್ನ ಓದಿದ್ರ ನಿಮ್ಮ ಪುಣ್ಯ."

ಕಾಕಾನಿಗೆ ಫೋನು ಹಚ್ಚಿದೆ. ಹಿಂದೆ ಡೊಳ್ಳು, ಘೋಷಣೆ.

"ಬಂದ್ರೇನು ಸಾಹೇಬ್ರು? ಗಾಡಿ ಕಂಡೀ ಏನು?"

"ಕಾಕಾ, ಸಾಹೇಬ್ರು ಇಲ್ಲೇ ಗಿಡದ ಬುಡಕ ಕುಂತಾರ್ರಿ! ಗಾಡಿ ಎಣಸಾಕ ಬಂದಾರು! ರಸ್ತಾ ತಗೀರಿ, ಬಸ್ ಬಿಡ್ರಿ, ಟ್ರಾಲಿ ಬಿಡ್ರಿ, ಎಲ್ಲಾ ಬಿಡ್ರಿ!"

"ಕೇಳವಲ್ತು! ಕುಂತಾರಾ? ಅವ್ರಿಗಿ ಹೇಳ, ಇಲ್ಲಿಗಿ ಬರ್ಲಿ, ಹಾರ ತಂದೇವಿ! ಪೇಟಾನೂ ತಂದೇವಿ!"

ಮೂರನೆಯ ಸಲ ಕಿರುಚಿದ ಮೇಲೆ ಕಾಕಾನಿಗೆ ತಿಳಿಯಿತು. ಆಮೇಲೆ ಅವರು ಮೈಕು ಹಿಡಿದು ರಸ್ತೆ ಬಿಡಿ ಎಂದರಂತೆ. ಬಿಡಬೇಕಲ್ಲ! ಸಂಜೆಯವರೆಗೆ ಬಂದ್ ಎಂದು ನೀವೇ ಹೇಳಿ ಈಗ ಯಾರ ಹತ್ತಿರ ಸೆಟಲ್ ಆದಿರಿ ಎಂದು ಶಲ್ಯದವರು ಕಾಕಾನ ಮೇಲೆಯೇ ಏರಿಹೋದರಂತೆ. ಟ್ರ್ಯಾಕ್ಟರು ಸರಿಸಿದರೂ ಬಸ್ಸಿನವರು, ಗಾಜು ಒಡೆದರೆ ಯಾರು ಕೊಡುತ್ತಾರೆ ಎಂದು ಡಿಪೋದಿಂದ ಹೊರಡಲಿಲ್ಲ. ಕಬ್ಬಿನವರು ರಜೆ ಸಿಕ್ಕಿತೆಂದು ಮಲಗಿಬಿಟ್ಟಿದ್ದರು. ದಿನವೂ ನಮ್ಮ ಎದೆಯ ಮೇಲೆ ಹಾಯುವ ಆ ಟ್ರಾಲಿಗಳನ್ನು ಅವತ್ತು ದೇವರೇ ಬಾ ಎಂದು ಕರೆದೆ. ಒಂದೂ ಬರಲಿಲ್ಲ.

ಮಿರಜಿನಲ್ಲಿ ಡಯಾಲಿಸಿಸ್ ಕೋಣೆಯ ಸಿಸ್ಟರ್ ನಮ್ಮನ್ನು ನೋಡಿ, "ಅಗಬಾಯಿ! ಆಜ್ ತುಮ್ಚ್ಯಾಕಡಚಂ ಕೋಣೀಚ್ ನಾಹೀ ಆಲಂ" ಅಂದಳು. ಇವತ್ತು ನಿಮ್ಮ ಕಡೆಯವರು ಯಾರೂ ಬಂದೇ ಇಲ್ಲ ಎಂದು. ಹಾಗಾಗಿ ತಡವಾದರೂ ಅಕ್ಕನಿಗೆ ಮಷಿನ್ ಸಿಕ್ಕಿತು. ಪಕ್ಕದ ಹಾಸಿಗೆ ಖಾಲಿ ಇತ್ತು. ಅಣ್ಣಾಜಿಯವರ ತಾಯಿಯದು. ಕಾಗವಾಡದಲ್ಲೂ ನಮ್ಮದೇ ಕರೆಗೆ ಓಗೊಟ್ಟು ರಸ್ತೆ ಮುಚ್ಚಿದ್ದರು. ನಾವು ಅಲ್ಲಿ ದಾಟುವಾಗ ಕಾಕಾನ ಹೆಸರು ಹೇಳಿ ದಾಟಿದ್ದೆವು. ಅಣ್ಣಾಜಿ ಜಗಳವಾಡಲಾರದ ಮನುಷ್ಯ. ತಾಯಿಯನ್ನು ಹಿಂದಕ್ಕೆ ಮನೆಗೆ ಕರೆದುಕೊಂಡು ಹೋಗಿದ್ದರು. ಮರುದಿನ ಆ ಅಜ್ಜಿಯನ್ನು ನೇರ ಐಸಿಯುಗೆ ತಂದರು. ಬದುಕಿದರು, ದೇವರು ದೊಡ್ಡವನು. ಆದರೆ ಅಣ್ಣಾಜಿ ಮತ್ತೆ ಶೆಡ್ಡಿನ ಸಭೆಗೆ ಬರಲಿಲ್ಲ, ನನ್ನ ಫೋನೂ ಎತ್ತಲಿಲ್ಲ. ನಾನು ಎತ್ತೆಂದು ಯಾವ ಬಾಯಿಂದ ಹೇಳಲಿ?

ಬೇಸಿಗೆಯಲ್ಲಿ ಉತ್ತರ ಬಂತು. ಶೆಡ್ಡಿನ ಬಲೆಗಳ ಮೇಲೆ ಆಗ ದ್ರಾಕ್ಷಿ ಒಣಗುತ್ತಿತ್ತು. ಕಾಕಾ ಕನ್ನಡಕ ಹಾಕಿಕೊಂಡು ಓದಿದರು. ಓಡಾಡುವವರು ಕಡಿಮೆ, ಖರ್ಚಿಗೆ ತಕ್ಕ ಆದಾಯವಿಲ್ಲ, ಸದ್ಯಕ್ಕೆ ಕೈಬಿಡಲಾಗಿದೆ. ಬಂದ್ ಇತ್ತೆಂಬ ಸಾಲು ಎಲ್ಲೂ ಕಾಣಲಿಲ್ಲ. ಓದಿ ಮುಗಿಸಿದ ಮೇಲೆ ಯಾರಾದರೂ ತಲೆ ತಗ್ಗಿಸುತ್ತಾರೆ ಎಂದುಕೊಂಡಿದ್ದೆ. ಬಸಗೌಡರು ಎದ್ದು, "ಇದು ನಮ್ಮ ಭಾಗಕ್ಕ ಆಗಿರೋ ಅನ್ಯಾಯ! ಇದನ್ನ ಖಂಡಿಸಿ..." ಎಂದು ಉಸಿರು ತೆಗೆದುಕೊಂಡರು.

ಎಲ್ಲರೂ ಒಟ್ಟಿಗೆ ಮುಗಿಸಿದರು. "ಬಂದ್!"

ನನಗೆ ತಲೆ ಕೆಟ್ಟಿತು. "ಬಂದ್ ಬ್ಯಾಡ್ರಿ ಮಾರಾಯ್ರ! ಮತ್ತೊಮ್ಮೆ ಎಣಸ್ರಿ ಅಂತ ಕೇಳೂಣು. ಅವ್ರು ಬಂದ ದಿನ ಇಡೀ ತಾಲೂಕ ಬಸ್ ಹತ್ತಿ ಮಿರಜ್‌ಗೆ ಹೋಗೂಣು. ಕೆಲಸ ಇರ್ಲಿ, ಬಿಡ್ಲಿ. ಹೋಗಿ ಭಡಂಗ ಚುರಮುರಿ ತಿಂದ ಬರೂಣು!"

ಶೆಡ್ಡು ನಗೆಯಲ್ಲಿ ಮುಳುಗಿತು. "ಬಸ್ ಹತ್ತೂದೂ ಒಂದ್ ಹೋರಾಟ ಏನ್ರಿ ಅಕ್ಕಾರ?" ಎಂದ ಒಬ್ಬ. "ಪೇಪರಿನ್ಯಾಗ ಏನಂತ ಬರೀತಾರು? ಅಥಣಿ ಮಂದಿ ಚುರಮುರಿ ತಿಂದ್ರು ಅಂತನ?" ಕಾಕಾ ನಗಲಿಲ್ಲ. ಆದರೆ ನನ್ನ ಪರವಾಗಿ ಮಾತೂ ಆಡಲಿಲ್ಲ. ಕ್ರಾಸಿನಲ್ಲಿ ಅವತ್ತು ತಮ್ಮ ಹುಡುಗರೇ ಕೊರಳಪಟ್ಟಿಗೆ ಕೈ ಹಾಕಿದ್ದು ಅವರಿಗೆ ನೆನಪಿತ್ತು.

ಆ ಮಳೆಗಾಲ ಡಾಕ್ಟರು ಮೂರು ಸಲ ಎಂದರು. ಈ ಬಾರಿ ಸುಮನಕ್ಕ ಹಿತ್ತಲಿಗೆ ಎದ್ದು ಹೋಗಲಿಲ್ಲ. ತಾನೇ ಎಮ್ಮೆ ಮಾರಿಸಿದಳು. ಮಿರಜಿನಲ್ಲಿ ದವಾಖಾನೆಯ ಹಿಂದಿನ ಗಲ್ಲಿಯಲ್ಲಿ ಒಂದು ಖೋಲಿ ಹಿಡಿದೆವು. ಭಾವ ಪಾಳಿ ಮುಗಿಸಿ ವಾರಕ್ಕೊಮ್ಮೆ ಹೋಗುತ್ತಾರೆ, ಆಗಾಗ ನಾನು. ಇಪ್ಪತ್ತು ವರ್ಷ ಒಂದೇ ಒಲೆಯ ಎರಡು ಬದಿಯಲ್ಲಿ ಕೂತವರು ನಾವು, ಈಗ ನಡುವೆ ಇಷ್ಟುದ್ದ ರಸ್ತೆ. ಅಲ್ಲಿ ಅವಳು ಮರಾಠಿ ಹೆಂಗಸರ ಜೊತೆ ಮಾತಿಗೆ ಮಾತು ಹೊಂದಿಸಿಕೊಂಡಿದ್ದಾಳೆ. ನಗುತ್ತಾಳೆ. ಆದರೆ ಸಂಜೆಯಾದರೆ ಬಾಗಿಲಲ್ಲಿ ಕೂತು ಬೀದಿ ನೋಡುವ ರೀತಿ ಬೇರೆಯಾಗಿದೆ. ಅದನ್ನು ನಾನು ಬರೆಯಲಾರೆ.

ಮೊನ್ನೆ ನಾನು ಆ ಖೋಲಿಯಲ್ಲಿ ಇದ್ದಾಗಲೇ ಕಾಕಾ ಫೋನು ಮಾಡಿದರು. ಅಕ್ಕ ಸ್ಪೀಕರಿಗೆ ಹಾಕಿದಳು. ಮತ್ತೆ ಹೋರಾಟ ಶುರುವಾಗಿದೆ, ಈ ಸಲ ದೊಡ್ಡದು, ಅಥಣಿ, ಕಾಗವಾಡ, ರಾಯಬಾಗ ಎಲ್ಲ ಕಡೆ ಒಂದೇ ದಿನ ರಸ್ತೆ ಬಂದ್ ಎಂದರು. ದನಿ ಮೊದಲಿನಷ್ಟು ದೊಡ್ಡದಿರಲಿಲ್ಲ.

"ಸುಮನವ್ವಾ, ನೀ ಬಂದು ವೇದಿಕಿ ಮ್ಯಾಲ ಕುಂದ್ರಬೇಕವಾ. ರೈಲಿಲ್ದ ನಿನಗಾದ ತ್ರಾಸ ಮಂದಿಗಿ ತಿಳೀಬೇಕು. ನೀ ಬಂದ್ರ ಹೋರಾಟಕ್ಕೊಂದ್ ಜೀವ ಬರ್ತೈತಿ."

"ಬರ್ತೀನಿ ಕಾಕಾ. ನಮ್ಮೂರಿಗೆ ಬರಾಕ ನಾ ಒಲ್ಲೆ ಅಂತೀನೇನ್ರಿ?" ಎಂದಳು ಸುಮನಕ್ಕ. ಅವಳ ಕಣ್ಣು ತುಂಬಿತ್ತು, ದನಿಯಲ್ಲಿ ಮಾತ್ರ ಅದೇ ಹಳೆಯ ಚೇಷ್ಟೆ. "ಆದ್ರ ಹೆಂಗ್ ಬರ್ಲಿ, ಅದನ್ನ ಹೇಳ್ರಿ. ರೈಲು ಇಲ್ಲ. ರಸ್ತಾ ನೀವು ಮುಚ್ಚಿರ್ತೀರಿ."

ಕಾಕಾ, "ಯವ್ವಾ, ಹುಡುಗೂರ್ ಕೂಡ ಮಾತಾಡಿ ಹೇಳ್ತೀನಿ" ಅಂದರು. ಇನ್ನೂ ಹೇಳಿಲ್ಲ.

ಹೋರಾಟವೇ ಬೇಡ ಅನ್ನುವವರು ಇಲ್ಲಿ ಕಾಮೆಂಟು ಹಾಕಬೇಡಿ. ನನಗೆ ಇವತ್ತಿಗೂ ಆ ರೈಲು ಬೇಕು, ನಾಳೆ ಕರೆದರೂ ಸಮಿತಿಗೆ ಹೋಗುತ್ತೇನೆ. ನಾನು ಕೇಳುತ್ತಿರುವುದು ಬೇರೆ. ನಿಮ್ಮೂರಲ್ಲೂ ಏನೋ ಒಂದು ತೆರೆಯಲಿ ಎಂದು ಇನ್ನೇನನ್ನೋ ಮುಚ್ಚಿದ ದಿನ ಇದ್ದೇ ಇರುತ್ತದೆ. ಅವತ್ತು ನಿಮ್ಮ ಮನೆಯ ಯಾರು ಎಲ್ಲಿ ಸಿಕ್ಕಿಬಿದ್ದರು? ಎಷ್ಟು ಹೊತ್ತು ಕಾದರು? ಯಾರು ದಾರಿ ಬಿಟ್ಟರು, ಯಾರು ಬಿಡಲಿಲ್ಲ? ಚಿಕ್ಕೋಡಿಯವರು, ನಿಪ್ಪಾಣಿಯವರು, ರಾಯಬಾಗದವರು, ಕುಡಚಿಯವರು, ನಾಚಿಕೊಳ್ಳದೆ ಕೆಳಗೆ ಬರೆಯಿರಿ. ಒಂದೊಂದನ್ನೂ ನಾನು ಶೆಡ್ಡಿಗೆ ಒಯ್ದು ಕಾಕಾನ ಎದುರು ಗಟ್ಟಿಯಾಗಿ ಓದುತ್ತೇನೆ.